ಆರು ಡಿಸ್ಕು, ಒಂದು ಮಾತು

ಬೆಳಿಗ್ಗೆ ಮಗಳಿಗೆ 'ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೇ' ಅಂದುಬಿಟ್ಟಿದ್ದಳು. ಆ ಮಾತು ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಬಂತು, ಅವಳು ಇಳಿಯುವಾಗ ಜೊತೆಗೇ ಇಳಿಯಿತು, ಈಗ ಹಿಂದಿನ ಕಿರುಕೋಣೆಯಲ್ಲಿ ಅವಳು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗಲೂ ಬಾಗಿಲಿಗೊರಗಿ ನಿಂತೇ ಇತ್ತು. ಬೇರೆ ಯಾವ ತಾಯಿಯಾದರೂ ಅಂದು ಮರೆತುಬಿಡಬಹುದಾದ ಮಾತು. ಇವಳು ಅನ್ನಬಾರದಿತ್ತು. ಇವಳು ಕೆಲಸ ಮಾಡುವುದು ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರದಲ್ಲಿ, ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುವವಳು. ಮಗುವಿನ ಬಾಯಿಂದ ಒಂದು 'ಬಾ', ಒಂದು 'ತಾ' ಕೇಳುವುದಕ್ಕೆ ಅಪ್ಪ ಅಮ್ಮಂದಿರು ಹೊರಗಿನ ಬೆಂಚಿನಲ್ಲಿ ವರ್ಷಗಟ್ಟಲೆ ಕಾಯುವ ಜಾಗ ಅದು. ಅಂಥ ಜಾಗಕ್ಕೆ ಹೊರಡುವ ಅವಸರದಲ್ಲಿ ಅವಳು ತನ್ನ ಮನೆಯ ಮಾತನ್ನು ತಾನೇ ದೀಪದ ಹಾಗೆ ಆರಿಸಿ ಬಂದಿದ್ದಳು. ಮಗಳು ಕೇಳಿದ್ದಾದರೂ ಏನು? ಹಾಲು ಯಾಕೆ ನೆಟ್ಟಗೆ ನಿಲ್ಲಲ್ಲ, ಲೋಟ ಇಲ್ಲದಿದ್ರೆ ಅದಕ್ಕೆ ಭಯ ಆಗತ್ತಾ, ಅಂತ. ಉತ್ತರ ಕೊಡುವುದಕ್ಕೆ ಎಷ್ಟು ಹೊತ್ತು ಬೇಕಿತ್ತು! ಮಗಳು ತುಟಿ ಒಳಗೆಳೆದುಕೊಂಡು ಚಪ್ಪಲಿಯ ಪಟ್ಟಿ ತಾನೇ ಬಿಗಿದುಕೊಂಡ ರೀತಿ ಕಣ್ಣಿಗೆ ಕಟ್ಟಿತು. ಸ್ಕ್ರೂಡ್ರೈವರ್ ಅವಳ ಕೈಯಲ್ಲೇ ಇತ್ತು.

ಮೇಜಿನ ಕೆಳಗೆ ಸಣ್ಣ ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರೊಳಗೆ ಆರು ಹಾರ್ಡ್ ಡಿಸ್ಕು. ಕೇಂದ್ರ ಶುರುವಾದಾಗಿನಿಂದ ಮುದ್ರಿಸಿಟ್ಟ ಮಕ್ಕಳ ದನಿಯೆಲ್ಲ ಅವುಗಳಲ್ಲೇ ಇದೆ. ಆರನ್ನೂ ಸೇರಿಸಿ ಒಂದೇ ಮಾಡಿರುವುದರಿಂದ ಇಂಥ ಮಗು ಇಂಥ ಡಿಸ್ಕಿನಲ್ಲಿದೆ ಅಂತ ಬೆರಳಿಟ್ಟು ತೋರಿಸುವ ಹಾಗಿಲ್ಲ. ಒಂದೊಂದು ತೊದಲೂ ಚೂರುಚೂರಾಗಿ ಆರರಲ್ಲೂ ಹಂಚಿಹೋಗಿರುತ್ತದೆ. ಒಂದು ಕೆಟ್ಟರೆ ಉಳಿದ ಐದು ಸೇರಿ ಅದರ ಪಾಲನ್ನೂ ಹೇಳಿಬಿಡುತ್ತವೆ. ಎರಡು ಕೆಟ್ಟರೆ ಎಲ್ಲ ಮುಗಿಯಿತು. ಇದನ್ನು ಕೇಂದ್ರ ನಡೆಸುವ ಡಾಕ್ಟರಮ್ಮನಿಗೆ ವಿವರಿಸುವಾಗ ಅವಳು ತನ್ನ ತವರುಮನೆಯನ್ನೇ ಹೇಳಿದ್ದಳು. ಅಜ್ಜನ ಕಾಲದ ಒಂದು ಜಗಳದ ಕಥೆ ಅಲ್ಲಿ ಒಬ್ಬರಿಗೂ ಪೂರ್ತಿ ಗೊತ್ತಿಲ್ಲ. ದೊಡ್ಡಪ್ಪ ಶುರು ಮಾಡಬೇಕು, ಚಿಕ್ಕಮ್ಮ ಅಡುಗೆಮನೆಯಿಂದ ತಿದ್ದಬೇಕು, ಅಣ್ಣ ನಡುವೆ ಬಾಯಿ ಹಾಕಬೇಕು. ಒಬ್ಬರು ಮನೆಯಲ್ಲಿಲ್ಲದಿದ್ದರೂ ಮಿಕ್ಕವರು ಕಥೆಯನ್ನು ದಡ ಮುಟ್ಟಿಸುತ್ತಾರೆ. ಇಬ್ಬರಿಲ್ಲದಿದ್ದರೆ ಜಗಳ ಯಾಕಾಯಿತೆಂದೇ ತಿಳಿಯುವುದಿಲ್ಲ. 'ಕೂಡುಕುಟುಂಬ ಅನ್ನು ಹಾಗಾದ್ರೆ. ಅದಕ್ಕೇ ಇಷ್ಟು ಗುರುಗುಟ್ಟೋದು' ಎಂದಿದ್ದರು ಡಾಕ್ಟರಮ್ಮ.

ಕೆಟ್ಟದ್ದು ಡಿಸ್ಕುಗಳಲ್ಲ. ಆರು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವ ಅಂಗೈಯಗಲದ ಒಂದು ಕಾರ್ಡು, ಕಂಟ್ರೋಲರ್. ಅದು ಈಚೆಗೆ ಕೈ ಸುಡುವಷ್ಟು ಕಾಯುತ್ತಿತ್ತು. ಕಾದಾಗ ಒಂದು ಡಿಸ್ಕನ್ನು ಮರೆಯುತ್ತಿತ್ತು, ಆಮೇಲೆ ನೆನಪಿಸಿಕೊಳ್ಳುತ್ತಿತ್ತು. ನಿನ್ನೆ ಎರಡನ್ನು ಒಟ್ಟಿಗೇ ಮರೆತು, ಇಡೀ ಸಂಗ್ರಹವೇ ಮುಷ್ಕರ ಹೂಡಿದಂತೆ ನಿಂತುಬಿಟ್ಟಿತ್ತು. ಹೊಸ ಕಾರ್ಡಿಗೆಂದು ಅಂಗಡಿಗೆ ಹೋದಾಗ ಅಲ್ಲಿಯವನು 'ಕಂಟ್ರೋಲರಾ? ಮಗು ಯಾವ ಗೇಮ್ ಆಡತ್ತೆ ಮೇಡಂ?' ಎಂದು ಎರಡು ಹಿಡಿಯ ಬಣ್ಣಬಣ್ಣದ ಆಟದ ಸಾಮಾನನ್ನು ಮುಂದಿಟ್ಟ. ಪಕ್ಕದಲ್ಲಿದ್ದವರು ನಕ್ಕರು. ಅವಳೂ ನಕ್ಕಳು, ತಪ್ಪು ತನ್ನದೇ ಎನ್ನುವ ಹಾಗೆ. ಡಿಸ್ಕುಗಳ ಮೇಲೆ ತಾನೇ ಯಜಮಾನಿಕೆ ಮಾಡದೆ, ಅವು ಇದ್ದ ಹಾಗೇ ಕಂಪ್ಯೂಟರಿಗೆ ತೋರಿಸುವಂಥ ಕಾರ್ಡು ಬೇಕು ಎಂದು ಬಿಡಿಸಿ ಹೇಳಿದ ಮೇಲೆ ಅವನ ನಗು ನಿಂತಿತು. ಆದರೆ ಒಳಗಿನಿಂದ ತರುತ್ತಾ 'ಹಾಕೋವಾಗ ಮನೇಲಿ ಯಾರಾದ್ರೂ ಗಂಡಸರಿದ್ರೆ ಫೋನ್ ಮಾಡ್ಸಿ' ಎಂದ. ಕಾರ್ಡಿನ ಡಬ್ಬಿಯನ್ನು ಅವಳು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಟೊಮೇಟೊ ಮೇಲೆ, ಕಾರ್ಡು ಕೆಳಗೆ. ದಾರಿಯಲ್ಲಿ ಹೊಳೆದು, ಅಡಿಮೇಲು ಮಾಡಿದ್ದಳು.

'ಆಗತ್ತಾ ಇವತ್ತು?' ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತರು. ಕನ್ನಡಕ ತಲೆಯ ಮೇಲಿತ್ತು. ಬೆಳಿಗ್ಗೆಯಿಂದ ಅದನ್ನೇ ಹುಡುಕುತ್ತಿದ್ದಿರಬೇಕು. 'ಸಂಜೆ ಗುಬ್ಬಿ ಬರ್ತಾಳೆ ಕಣೇ. ನಾಳೆ ಅವರ ಮನೆ ಸಾಮಾನು ಲಾರಿಗೆ. ಊರು ಬಿಟ್ಟು ಹೋಗೋರು ಮತ್ತೆ ಯಾವಾಗಲೋ.'

ಕೇಂದ್ರ ಬಿಟ್ಟು ಹೋಗುವ ಪ್ರತಿ ಮಗುವಿಗೂ ಕೊನೆಯ ದಿನ ಅದರ ಮೊದಲ ದಿನದ ದನಿಯನ್ನು ಕೇಳಿಸಿ ಕಳಿಸುವುದು ಡಾಕ್ಟರಮ್ಮನ ಪದ್ಧತಿ. ಗುಬ್ಬಿ ಮೂರು ವರ್ಷದವಳಿದ್ದಾಗ ಒಂದು ಮಾತೂ ಇಲ್ಲದೆ ಬಂದವಳು. ಈಗ ಏಳು. ಈಗ ಅವಳನ್ನು ಸುಮ್ಮನಿರಿಸುವುದಕ್ಕೆ ಬೇರೆ ಕೇಂದ್ರ ಬೇಕು ಎಂದು ಡಾಕ್ಟರಮ್ಮ ತಮಾಷೆ ಮಾಡುತ್ತಿದ್ದರು. ಆ ಮೊದಲ ದನಿ ಈ ಪೆಟ್ಟಿಗೆಯಲ್ಲಿತ್ತು, ಆರು ಚೂರಾಗಿ.

'ಆಗತ್ತೆ' ಎಂದಳು ಅವಳು.

'ಇನ್ನೊಂದು ಪ್ರತಿ ಅಂತೂ ಇದ್ಯಲ್ಲ?'

'ಇದೆ.'

ಇತ್ತು, ಮುಕ್ಕಾಲು. ಮನೆಗೆ ಒಯ್ದಿಡಲೆಂದು ಬೇರೊಂದು ಡಿಸ್ಕಿಗೆ ಹೊಸದರಿಂದ ಹಿಂದಕ್ಕೆ ನಕಲು ಮಾಡುತ್ತ ಬಂದಿದ್ದಳು. ತೀರಾ ಹಳೆಯ ವರ್ಷಗಳು ಬರುವ ಹೊತ್ತಿಗೆ ಕಾರ್ಡು ಕೈಕೊಟ್ಟಿತು. ಗುಬ್ಬಿ ಇದ್ದದ್ದು ಆ ಬಾಕಿ ಕಾಲುಭಾಗದಲ್ಲಿ. 'ಇದೆ' ಅನ್ನುವ ಮಾತು ಎಷ್ಟು ಸಲೀಸಾಗಿ ಬಂತು. ಮುಕ್ಕಾಲು ಅನ್ನುವುದು ಗಂಟಲಲ್ಲೇ ಉಳಿಯಿತು, ಮಾತ್ರೆ ಸಿಕ್ಕಿಕೊಂಡ ಹಾಗೆ. ಡಾಕ್ಟರಮ್ಮನಿಗೆ ಸಮಾಧಾನವಾಯಿತು. ಅವರ ಸಮಾಧಾನವನ್ನು ನೋಡಿ ಇವಳಿಗೆ ಇನ್ನಷ್ಟು ಕಸಿವಿಸಿಯಾಯಿತು.

ಸುಡುತ್ತಿದ್ದ ಕಾರ್ಡಿಗೆ ಪುಟ್ಟ ಫ್ಯಾನು ಹಿಡಿದು ತಣ್ಣಗಾಗಿಸಿ ಯಂತ್ರ ಎಬ್ಬಿಸಿದಳು. ಆರೂ ಕಂಡವು. ಇನ್ನೊಂದು ಕ್ಷಣ ಕಂಡರೆ ಸಾಕು. ಯಾರೂ ಏನೂ ಬರೆಯುತ್ತಿಲ್ಲ ಎಂದು ನೋಡಿಕೊಂಡು, ಸಂಗ್ರಹವನ್ನು ಬಿಟ್ಟುಕೊಡುವ ಆಜ್ಞೆ ಬರೆದಳು. ಹೊರಡುವ ಮುಂಚೆ ಹೇಳಿ ಹೊರಡುವುದಿದು: ಬರೆಯಬೇಕಾದ್ದನ್ನೆಲ್ಲ ಬರೆದು ಮುಗಿಸಿ, ನಾವು ಆರು ಜನ ಒಂದೇ ಮನೆಯವರು, ಹೋಗುತ್ತಿದ್ದೇವೆ ಎಂದು ಪ್ರತಿ ಡಿಸ್ಕೂ ತನ್ನ ಮೈಮೇಲೆ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಯಾವ ಕಾರ್ಡಿಗೆ ಸಿಕ್ಕಿಸಿದರೂ ಒಂದನ್ನೊಂದು ಗುರುತು ಹಿಡಿಯುತ್ತವೆ. ಯಂತ್ರ ಆರಿಸಿದಳು, ವೈರು ಕಿತ್ತಳು, ಮೈಯಲ್ಲಿ ಕರೆಂಟಿನ ಚೂರು ಇದ್ದರೆ ಹೋಗಲೆಂದು ಪೆಟ್ಟಿಗೆಯ ತಗಡನ್ನು ಮುಟ್ಟಿದಳು, ಮುಚ್ಚಳ ತೆಗೆದಳು. ಬಿಟ್ಟುಕೊಟ್ಟೆನಾ? ಬರೆದದ್ದು ನೆನಪಿದೆ, ಕೊನೆಯ ಗುಂಡಿ ಒತ್ತಿದ್ದು ನೆನಪಿಲ್ಲ. ಒತ್ತಿರಲೇಬೇಕು. ಗ್ಯಾಸು ಆರಿಸಿರಲೇಬೇಕು ಅನ್ನುವ ಹಾಗೆ. ಗ್ಯಾಸು? ಬೆಳಿಗ್ಗೆ ಹಾಲು ಇಳಿಸಿದ್ದು ಕಣ್ಣಿಗೆ ಬರುತ್ತಿದೆ, ಮಗಳ ಒಳಗೆಳೆದ ತುಟಿ ಬರುತ್ತಿದೆ, ಒಲೆಯ ತಿರುಗಣೆ ಬರುತ್ತಿಲ್ಲ. ಡಿಸ್ಕುಗಳನ್ನು ಕೇಳುವುದಕ್ಕಾಗುವುದಿಲ್ಲ. ಗಂಡನಿಗೆ ಫೋನ್ ಮಾಡಿದಳು. ಅವನಿಗೆ ಇವತ್ತು ವಾರದ ರಜೆ, ಮಗಳ ಶಾಲೆಯೂ ಅರ್ಧ ದಿನವೇ.

'ರೀ, ಗ್ಯಾಸು ಆರ್ಸಿದೀನಾ ನೋಡಿ.'

'ಆರಿದೆ, ನೀನೇ ಆರ್ಸಿದ್ದೆ. ನಿನ್ನ ಮಗಳನ್ನ ಆರ್ಸೋಕೆ ಮಾತ್ರ ಎಲ್ಲೂ ತಿರುಗಣೆ ಸಿಗ್ತಿಲ್ಲ. ಮೆಟ್ಟಿಲ ಮೇಲೆ ಕೂತು ದಾರೀಲಿ ಹೋಗೋರನ್ನೆಲ್ಲ ಹಾಲಿನ ವಿಷಯ ವಿಚಾರಿಸ್ತಿದಾಳೆ.'

'ಸಪ್ಪಗಿಲ್ವಾ?'

'ಸಪ್ಪಗಾ? ಅಂಚೆಯವನು ಸೈಕಲ್ ನಿಲ್ಲಿಸಿ ಯೋಚನೆ ಮಾಡ್ತಾ ನಿಂತಿದಾನೆ.'

ಬಾಗಿಲಿಗೊರಗಿದ್ದ ಮಾತು ಎದ್ದು ಹೋಯಿತು. ಅದು ಹೋದ ಜಾಗದಲ್ಲಿ ಗಾಳಿಯಾಡಿತು. ಆರಿಸಿದ ನೆನಪಿಲ್ಲದ ಗ್ಯಾಸು ಆರಿದ್ದರೆ, ಬಿಟ್ಟುಕೊಟ್ಟ ನೆನಪಿಲ್ಲದ ಸಂಗ್ರಹವನ್ನೂ ಬಿಟ್ಟುಕೊಟ್ಟೇ ಇರುತ್ತೇನೆ ಎಂದು ಅವಳು ತನಗೇ ಹೇಳಿಕೊಂಡಳು. ಇದು ಲೆಕ್ಕಕ್ಕೆ ಕೂಡುವ ಮಾತಲ್ಲ ಎಂದು ಗೊತ್ತಿದ್ದೂ ಮನಸ್ಸು ಹಗುರಾಯಿತು.

ಡಿಸ್ಕುಗಳ ಬೆನ್ನಿಗೆ ಅವಳು ಹಿಂದೆಯೇ ಚೀಟಿ ಅಂಟಿಸಿದ್ದಳು. ಮಾತು ಕಲಿಸುವ ಮನೆಯಲ್ಲವೇ, ಒಂದು ಎರಡು ಎಂದು ಬರೆಯದೆ ಅ ಆ ಇ ಈ ಉ ಊ ಎಂದು ಬರೆದಿದ್ದಳು. ಚೆಂದ ಕಂಡಿತ್ತು. ಕಾರ್ಡು ಬದಲಿಸಲು ಕೈಗೆ ಎಡೆ ಬೇಕೆಂದು ಆರನ್ನೂ ಹೊರತೆಗೆದು ಮೇಜಿನ ಮೇಲೆ ಮೆತ್ತನೆ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ದಳು, ಸ್ನಾನ ಮಾಡಿಸಿದ ಕೂಸುಗಳ ಹಾಗೆ. ಹಳೆಯ ಕಾರ್ಡು ಬಂತು, ಹೊಸದು ಕೂತಿತು. ಇನ್ನು ಒಂದೊಂದೇ ವಾಪಸ್ಸು. ಅ ಆಗಲೇ ಕೂತಿತ್ತು. ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದವಳು, ನೆರವಿಗೆಂದು ಮೇಜಿನ ಬಳಿ ಬಂದು ನಿಂತಿದ್ದ ಡಾಕ್ಟರಮ್ಮನ ಕಡೆ, ಕೈ ಮಾತ್ರ ಹಿಂದಕ್ಕೆ ಚಾಚಿದಳು.

'ಡಾಕ್ಟರಮ್ಮ, ಆ ಡಿಸ್ಕು ಕೊಡಿ.'

'ಯಾವ ಡಿಸ್ಕು?'

'ಆ ಡಿಸ್ಕು.'

'ಇದಾ?'

'ಇ ಅಲ್ಲ, ಆ.'

'ಅದೇ, ಯಾವುದು ಅಂತ ಹೇಳು ಮಹಾರಾಯ್ತಿ. ಎಲ್ಲಾ ಒಂದೇ ಥರ ಇವೆ. ಈ ಡಿಸ್ಕಾ?'

'ಈ ಆಮೇಲೆ. ಮೊದಲು ಆ.'

'ಈ ಮೇಜಿನ ಮೇಲಿರೋದೆಲ್ಲ ಈ ಡಿಸ್ಕೇ! ಆ ಕಡೆ ಯಾವ ಡಿಸ್ಕೂ ಇಲ್ಲ!'

ಅವಳು ತಲೆ ಹೊರಗೆಳೆದಳು. ಡಾಕ್ಟರಮ್ಮ ಎರಡೂ ಕೈಯಲ್ಲಿ ಒಂದೊಂದು ಡಿಸ್ಕು ಹಿಡಿದು, ಕನ್ನಡಕ ಇನ್ನೂ ತಲೆಯ ಮೇಲೇ ಇಟ್ಟುಕೊಂಡು, ನಿಜವಾಗಿ ಕೋಪಗೊಂಡು ನಿಂತಿದ್ದರು. ಚೀಟಿ ತೋರಿಸಿದಾಗ ಕನ್ನಡಕ ಕೆಳಗಿಳಿಯಿತು. ಓದಿದರು. 'ಅಯ್ಯೋ ನಿನ್ನ!' ಎಂದು ಶುರುವಾದ ನಗು ನಿಲ್ಲಲಿಲ್ಲ. ಡಿಸ್ಕುಗಳನ್ನು ಎಚ್ಚರಿಕೆಯಿಂದ ಟವೆಲ್ಲಿಗೆ ಇಳಿಸಿ, ಗೋಡೆ ಹಿಡಿದು ನಕ್ಕರು. ಇವಳಿಗೂ ನಗು ಹತ್ತಿತು. ಆದರೆ ನಗುತ್ತಲೇ ಎಣಿಸಿದಾಗ ಒಂದು ಕಮ್ಮಿ ಬಂತು: 'ಇದಾ' ಎಂದು ಅವರು ಚಾಚಿದ ಕೈಗಿಟ್ಟದ್ದನ್ನು, ಅಲ್ಲ ಎನ್ನುತ್ತಲೇ, ತಾನು ಆಗಲೇ ಸಿಕ್ಕಿಸಿಬಿಟ್ಟಿದ್ದಳು. ಇ ಈಗ ಆ ಇರಬೇಕಾದ ಕಡೆ ಕೂತಿತ್ತು. ತೆಗೆಯಲು ಕೈ ಹಾಕಿ ಸುಮ್ಮನಾದಳು. ಯಾರು ಎಲ್ಲಿ ಕೂತರೇನು? ಗುರುತು ಮೈಮೇಲಿದೆ, ಕುರ್ಚಿಯ ಮೇಲಲ್ಲ. ತವರಿನಲ್ಲಿ ಊಟಕ್ಕೆ ಯಾರು ಎಲ್ಲಿ ಕೂತರೂ ಮನೆಯವರು ಮನೆಯವರೇ. ಉಳಿದವನ್ನು ಡಾಕ್ಟರಮ್ಮ ಕೊಟ್ಟ ಹಾಗೇ ಹಾಕಿದಳು, ಅದೊಂದು ಬಗೆಯ ಸ್ವಾತಂತ್ರ್ಯವೆನ್ನಿಸಿತು.

ಯಂತ್ರ ಎದ್ದಿತು. ಮೊದಲು ಬಂದದ್ದು ಹೊಸ ಕಾರ್ಡಿನದೇ ನೀಲಿ ಪರದೆ: ಹೊಸ ಡಿಸ್ಕುಗಳು ಕಂಡಿವೆ, ಬಳಕೆಗೆ ಸಿದ್ಧ ಮಾಡಲೇ? ಹೌದು, ಇಲ್ಲ. ಯಜಮಾನಿಕೆ ಮಾಡದ ಕಾರ್ಡು ಇಷ್ಟು ವಿನಯದಿಂದ ಏನು ಕೇಳುತ್ತಿದೆ? ಅಂಗಡಿಗೆ ಫೋನ್ ಮಾಡಿದಳು.

'ಎಸ್ ಕೊಡಿ ಮೇಡಂ, ಎಲ್ಲರೂ ಎಸ್ಸೇ ಕೊಡೋದು.'

'ಸಿದ್ಧ ಮಾಡೋದು ಅಂದ್ರೆ ಒಳಗಿರೋದನ್ನ ಏನು ಮಾಡತ್ತೆ?'

'ಒಳಗೇನಿರತ್ತೆ? ಹೊಸ ಡಿಸ್ಕಲ್ವಾ?'

'ಹೊಸದು ಕಾರ್ಡು. ಡಿಸ್ಕು ಹಳೇದು. ತುಂಬಿದೆ.'

ಅವನು ಬೇರೆಯೇ ದನಿಯಲ್ಲಿ, 'ಮೇಡಂ, ಎಸ್ ಕೊಡ್ಬೇಡಿ' ಎಂದ. 'ಕೊಟ್ಟಿಲ್ಲ ತಾನೆ?'

'ಇಲ್ಲ ಕೊಟ್ಟಿದೀನಿ' ಎಂದಳು ಅವಳು. ಅವನು ತಡವರಿಸಿದ. ಅವಳು ಮೆಲ್ಲಗೆ ಬಿಡಿಸಿ ಹೇಳಿದಳು: 'ಇಲ್ಲ ಅನ್ನೋ ಗುಂಡೀನ ಕೊಟ್ಟಿದೀನಿ.' ಅವನು ಉಸಿರು ಬಿಟ್ಟಿದ್ದು ಫೋನಿನಲ್ಲಿ ಕೇಳಿಸಿತು. ಗೇಮು ಕಂಟ್ರೋಲರ್ ತೋರಿಸಿದ್ದಕ್ಕೆ ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಸಿಟ್ಟು ಆ ಉಸಿರಿನ ಜೊತೆ ಎಲ್ಲಿಗೋ ಹೋಯಿತು. ಪಾಪ, ಅವನಿಗೂ ಭಯವಾಗಿತ್ತು.

ಆಮೇಲೆ ಕಂಪ್ಯೂಟರು ತನ್ನ ಕಣ್ಣಿಗೆ ಬಿದ್ದ ಡಿಸ್ಕುಗಳ ಸಂಖ್ಯೆಗಳನ್ನು ಸಾಲಾಗಿ ತೋರಿಸಿತು. ಐದು. ಮತ್ತೆ ಎಣಿಸಿದಳು. ಐದೇ. ಚೀಟಿಗಳ ಜೊತೆ ತಾಳೆ ನೋಡಿ, 'ಈ ಕಾಣ್ತಿಲ್ಲ' ಎಂದಳು. ಡಾಕ್ಟರಮ್ಮ ಈ ಸಲ ನಗಲಿಲ್ಲ. 'ಐದಿದ್ರೆ ಸಾಕು ಅಂದಿದ್ಯಲ್ಲ?'

ಸಾಕು. ಐದರಲ್ಲೇ ಎಬ್ಬಿಸಬಹುದು, ಗುಬ್ಬಿಯ ದನಿ ಈಗಲೇ ಕೇಳಬಹುದು. ಆದರೆ ಐದರ ಮೇಲೆ ನಡೆಯುವಾಗ ಇನ್ನೊಂದು ಎಡವಿದರೆ? ಗಂಟಲಲ್ಲಿದ್ದ ಮಾತ್ರೆ ಆಗ ಮೇಲೆ ಬಂತು. 'ಡಾಕ್ಟರಮ್ಮ, ಪ್ರತಿ ಇದೆ ಅಂದೆನಲ್ಲ, ಅದು ಮುಕ್ಕಾಲು. ಹಳೇದು ಅದರಲ್ಲಿಲ್ಲ. ಗುಬ್ಬಿ ಇಲ್ಲ.'

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು. ಹೊರಗೆ ಯಾವುದೋ ಮಗು 'ಪ ಪ ಪ' ಎಂದು ಗೋಡೆಗೆ ಪಾಠ ಹೇಳುತ್ತಿತ್ತು. 'ಬೆಳಿಗ್ಗೆನೇ ಹೇಳೋದಲ್ವಾ? ನಾನೂ ನಿನ್ನ ಜೊತೆ ಹೆದರ್ಕೊಳ್ತಿದ್ದೆ, ನಿಂಗೆ ಅರ್ಧ ಕಮ್ಮಿ ಆಗ್ತಿತ್ತು' ಎಂದರು. 'ಈಗ ಏನ್ಮಾಡ್ತೀಯ?'

'ಆರಿಸ್ತೀನಿ. ಆರೂ ಕಾಣೋವರೆಗೆ ಏನನ್ನೂ ಮುಟ್ಟಲ್ಲ.'

ಆರಿಸಿದಳು. ಈ ಡಿಸ್ಕಿನ ವೈರಿನ ತುದಿ ಮುಕ್ಕಾಲು ಮಾತ್ರ ಒಳಗೆ ಹೋಗಿತ್ತು. ಮುಕ್ಕಾಲೇ! ಅವಳಿಗೆ ತನ್ನ ಮೇಲೇ ನಗು ಬಂತು. ಟಕ್ಕೆನ್ನುವವರೆಗೆ ಒತ್ತಿದಳು. ಎಬ್ಬಿಸಿದಳು; ನೀಲಿ ಪರದೆಗೆ ಇನ್ನೊಮ್ಮೆ ಇಲ್ಲ ಎಂದಳು; ಸಾಲು ಬಂತು. ಆರು. ಕೂತ ಜಾಗ ಅದಲುಬದಲಾಗಿದ್ದರೂ ಆರೂ ಒಂದೇ ಹೆಸರು ಹೇಳಿದವು, ಸರಿಯಾಗಿ ಹೇಳಿ ಹೊರಟ ಗುರುತೂ ಇತ್ತು. ಬಿಟ್ಟುಕೊಟ್ಟಿದ್ದಳು, ಗ್ಯಾಸಿನ ಹಾಗೇ. ಮೊದಲು ಓದುವುದಕ್ಕೆ ಮಾತ್ರ, ಬರೆಯುವುದಕ್ಕಿಲ್ಲ ಎಂಬ ಕಟ್ಟುಪಾಡಿನ ಮೇಲೆ ಸಂಗ್ರಹವನ್ನು ಕರೆದಳು. ಪೆಟ್ಟಿಗೆ ಗುರುಗುಟ್ಟಿತು. ಮಕ್ಕಳ ಹೆಸರುಗಳು ಪರದೆಯ ತುಂಬ, ಶಾಲೆಯ ಬಾಗಿಲು ತೆರೆದ ಹಾಗೆ, ಹರಿದು ಬಂದವು. ಕೈಗೆ ಸಿಕ್ಕಿದ್ದೊಂದನ್ನು ಒತ್ತಿದಳು. ಯಾವುದೋ ಕಾಲದ ಪುಟ್ಟ ದನಿ, ಬಹಳ ಗಂಭೀರವಾಗಿ, 'ಬತ್ತು' ಎಂದಿತು, ಬಸ್ಸಿರಬೇಕು. ಡಾಕ್ಟರಮ್ಮ ಅವಳ ಬೆನ್ನಿಗೊಂದು ಗುದ್ದಿದರು. ಅವಳು ಬಾಕಿ ಕಾಲುಭಾಗದ ನಕಲು ಶುರುಹಚ್ಚಿದಳು. ಅದು ಮುಗಿದ ಮೇಲೇ ಮುಖ ತೊಳೆಯಲು ಎದ್ದದ್ದು.

ಗುಬ್ಬಿ ತನ್ನ ಅಪ್ಪನ ಅಕ್ಕನ ಕೈ ಹಿಡಿದು, ಹಿಡಿದು ಅನ್ನುವುದಕ್ಕಿಂತ ಎಳೆದುಕೊಂಡು, ಬಂದಳು. ಅವರಮ್ಮ ಸಾಮಾನು ಕಟ್ಟುತ್ತಿದ್ದಾಳಂತೆ. ಗುಬ್ಬಿಯನ್ನು ನಾಲ್ಕು ವರ್ಷವೂ ಇಲ್ಲಿಗೆ ಕರೆತಂದು ಬೆಂಚಿನಲ್ಲಿ ಕಾದವಳು ಈ ಹೆಂಗಸೇ. 'ಮೊದಲನೇ ದಿನದ್ದು ಹಾಕಿ ಡಾಕ್ಟರಮ್ಮ. ಇವಳ ಬಾಯಿಂದ ಬಂದ ಮೊದಲನೇ ಮಾತೇ ನಾನು. ಅಮ್ಮ ಅಲ್ಲ, ಅಪ್ಪ ಅಲ್ಲ, ನಾನು! ನಮ್ಮ ಬೀದೀಲಿ ಈ ವಿಷಯ ಗೊತ್ತಿಲ್ಲದ ಒಂದು ನಾಯಿ ಇಲ್ಲ' ಎನ್ನುತ್ತಾ ಕೂತಳು.

ಸ್ಪೀಕರಿನಿಂದ ಮೊದಲು ಕೋಣೆಯ ಸದ್ದು ಬಂತು. ಕುರ್ಚಿ ಸರಿದದ್ದು. ನಾಲ್ಕು ವರ್ಷ ಎಳೆಯರಾದ ಡಾಕ್ಟರಮ್ಮನ ದನಿ, 'ಎಲ್ಲೂ ಹೋಗಿಲ್ಲ ಪುಟ್ಟ, ಇಲ್ಲೇ ಹೊರಗಿದಾರೆ.' ಆಮೇಲೆ ಉದ್ದನೆಯ ನಿಶ್ಶಬ್ದ. ಬಾಗಿಲು. ಚಪ್ಪಲಿಯ ಸದ್ದು. ಆಮೇಲೆ, ಆರು ಚೂರಿನಿಂದ ಒಂದಾಗಿ ಬಂದ, ಕಾಳಿನಷ್ಟು ಸಣ್ಣ ದನಿ: 'ಅತ್ತೆ.' ಹಿಂದೆಯೇ ಕೋಣೆ ಹಾರಿಹೋಗುವಂಥ ಕೂಗು: 'ಅಯ್ಯೋ ಕರೀತು! ನನ್ನ ಕರೀತು!'

'ಕೇಳಿಸ್ತಾ?' ಎಂದಳು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ.

ಗುಬ್ಬಿ ಹುಬ್ಬು ಗಂಟು ಹಾಕಿದ್ದಳು. 'ನಾನು ಕರ್ದಿಲ್ಲ.'

'ಕರ್ದೆ ಕಣೇ. ಅತ್ತೆ ಅಂದೆ.'

'ಅತ್ತೆ ಅಂದೆ. ಕರ್ದಿಲ್ಲ. ನೀನು ನನ್ನ ಬಿಟ್ಟು ಹೊರಗೆ ಹೋದ್ಯಲ್ಲ, ಆವಾಗ ನಾನು ಅತ್ತೆ. ಕಣ್ಣಲ್ಲಿ ನೀರು ಬರತ್ತಲ್ಲ, ಹಾಗೆ. ನೀನು ಬಂದ ಮೇಲೆ ಅದನ್ನ ಹೇಳ್ದೆ.'

'ನಿಂಗೆ ನೆನಪಿದ್ಯಾ ಅದು?' ಡಾಕ್ಟರಮ್ಮ ಮುಂದಕ್ಕೆ ಬಾಗಿದರು.

'ಇಲ್ಲ. ಕೇಳಿಸ್ತಲ್ಲ. ಮುಂಚೆ ಮೂಗು ಏರಿಸ್ಕೊಂಡಿದೀನಿ, ಕೇಳಿ.'

ಮತ್ತೆ ಹಾಕಿದರು. ಉದ್ದನೆಯ ನಿಶ್ಶಬ್ದ ನಿಶ್ಶಬ್ದವಾಗಿರಲಿಲ್ಲ. ಅದರೊಳಗೆ ಸಣ್ಣಗೆ ಮೂಗೇರಿಸಿದ ಸದ್ದು, ತಡೆದು ಬಿಟ್ಟ ಉಸಿರು. ಆಮೇಲೆ 'ಅತ್ತೆ'. ಕರೆಯುವವರು ಕೊನೆಯನ್ನು ಎಳೆಯುತ್ತಾರೆ. ಇದು ಎಳೆದಿರಲಿಲ್ಲ, ಇಳಿದಿತ್ತು. ಏನೋ ಒಂದನ್ನು ಒಪ್ಪಿಸಿ ಮುಗಿಸಿದ ಹಾಗೆ. ಡಾಕ್ಟರಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. 'ಒಂದು ಪದ ಅಂತ ಬರ್ಕೊಂಡಿದ್ದೆ ಕಣ್ರೇ. ಇದು ವಾಕ್ಯ! ಪೂರ್ತಿ ವಾಕ್ಯ! ಮೊದಲನೇ ದಿನವೇ ಬಂದು ತನ್ನ ಸಮಾಚಾರ ಹೇಳಿದೆ ಈ ಮಗು. ನಾವು ನಾಕು ವರ್ಷದಿಂದ ಅದಕ್ಕೆ ಮಾತು ಕಲಿಸ್ತಾ ಕೂತಿದೀವಿ!' ಎಂದು ಅವರು ನಗುವುದಕ್ಕೆ ಶುರು ಮಾಡಿದರು.

ಅತ್ತೆ ನಗಲಿಲ್ಲ. ಅವಳ ಮುಖ ಸಣ್ಣದಾಯಿತು. 'ಬೀದಿ ತುಂಬ ಹೇಳ್ಕೊಂಡು ಬಂದೆನಲ್ಲೇ, ನನ್ನನ್ನೇ ಕರ್ದಿದ್ದು ಅಂತ.'

ಗುಬ್ಬಿ ಅವಳ ಮೊಣಕೈ ಹಿಡಿದು ಅಲ್ಲಾಡಿಸಿದಳು. 'ಹೇಳ್ಕೋ. ನಿಂಗೇ ಅಲ್ವಾ ಹೇಳಿದ್ದು? ಬೇರೆ ಯಾರಿಗೂ ಹೇಳಿಲ್ವಲ್ಲ.'

ಆಗ ಅತ್ತೆಯೂ ನಕ್ಕಳು, ಮೂಗೇರಿಸಿಕೊಂಡು, ಥೇಟ್ ಆ ಮುದ್ರಣದಲ್ಲಿದ್ದ ಹಾಗೇ. ಹೊರಡುವ ಗಡಿಬಿಡಿ ಶುರುವಾಯಿತು, ಡಾಕ್ಟರಮ್ಮನ ಕನ್ನಡಕ ಮತ್ತೆ ಕಳೆಯಿತು. ಇವಳು ಕಿರುಕೋಣೆಯ ಬಾಗಿಲಲ್ಲಿ ನಿಂತು ಆ ಗದ್ದಲವನ್ನು ನೋಡುತ್ತಿದ್ದಳು. ಬೆನ್ನ ಹಿಂದೆ ಆರು ಡಿಸ್ಕು ತಣ್ಣಗೆ ತಿರುಗುತ್ತಿದ್ದವು. ಗುಬ್ಬಿ ಬಂದು ಅವಳನ್ನು ಕತ್ತೆತ್ತಿ ನೋಡಿದಳು.

'ಆಂಟಿ, ನೀವು ಅತ್ತ್ರಾ?'

'ಇಲ್ವಲ್ಲ.'

'ಅತ್ತ್ರಿ. ನಾನು ನೋಡ್ದೆ.'

ಇವಳು ಬಗ್ಗಿ, ಆ ಕಿವಿಯ ಹತ್ತಿರ, 'ಹೂಂ, ಅತ್ತೆ' ಎಂದಳು.

ಹೊಸಲಿನಾಚೆ ಚಪ್ಪಲಿ ಮೆಟ್ಟುತ್ತಿದ್ದ ಹೆಂಗಸು ತಟ್ಟನೆ ತಿರುಗಿದಳು. 'ಏನಮ್ಮಾ, ಕರೆದ್ಯಾ?'